ಬೊಮ್ಮನಹಳ್ಳಿ ಸ್ಟೇಷನ್ನಿನಲ್ಲಿ ಇಳಿದ ಜೋಗಿ

ಹಳದಿ ಮೆಟ್ರೊ 2025ರ ಆಗಸ್ಟ್‌ನಲ್ಲಿ ಓಡೋಕೆ ಶುರುವಾಯ್ತಲ್ಲ, ಆ ತಿಂಗಳ ಕೊನೇ ಭಾನುವಾರ ಮಗಳನ್ನು ಸುಮ್ಮನೆ ಒಂದು ಸುತ್ತು ಕರ್ಕೊಂಡು ಹೋಗಿದ್ದೆ. ಸಿಂಗಸಂದ್ರದಲ್ಲಿ ಹತ್ತಿದ್ವಿ. ಕೂಡ್ಲು ಗೇಟ್ ಆಯ್ತು, ಹೊಂಗಸಂದ್ರ ಆಯ್ತು. ಮುಂದಿನ ನಿಲ್ದಾಣ ಬೊಮ್ಮನಹಳ್ಳಿ ಅಂತ ಮೇಲಿಂದ ದನಿ ಬಂದದ್ದೇ ತಡ, ಎರಡನೇ ಕ್ಲಾಸಿನ ಈ ಹುಡುಗಿ ಸೀಟಿನಿಂದ ಎದ್ದು ನಿಂತಳು. ‘ಅಪ್ಪಾ, ಇಲಿಗಳ ಊರು! ಇಲ್ಲೇನಾ?’ ಅಂತ ಇಡೀ ಬೋಗಿಗೆ ಕೇಳಿಸುವ ಹಾಗೆ ಕೂಗಿದಳು. ಎದುರಿಗೆ ಕೂತಿದ್ದ ಹೆಂಗಸೊಬ್ಬರು ನಕ್ಕು, ‘ಇಲಿ ಈಗ್ಲೂ ಅವೆ ಕಣವ್ವ. ಜೋಗಿ ಒಬ್ಬ ಬಂದಿಲ್ಲ ಅಷ್ಟೆ’ ಅಂದರು.

ಕುವೆಂಪು ಅವರ ಬೊಮ್ಮನಹಳ್ಳಿ ಇರೋದು ತುಂಗಾ ತೀರದಲ್ಲಿ, ಹೊಸೂರು ರಸ್ತೆಯಲ್ಲಲ್ಲ. ಇದನ್ನ ಮಗಳಿಗೆ ನಾನು ಇನ್ನೂ ಹೇಳಿಲ್ಲ. ಹೇಳೋದೂ ಇಲ್ಲ. ಒಂದು ವರ್ಷ ಒದ್ದಾಡಿ ಅವಳಿಗೆ ಕನ್ನಡದ ಒಂದು ಪುಸ್ತಕ ಹಿಡಿಸಿದೆ. ಆ ಪುಸ್ತಕದ ಊರು ಆಫೀಸಿಗೆ ಹೋಗೋ ದಾರಿಯಲ್ಲೇ ಸಿಕ್ಕಿದೆ. ಇದಕ್ಕಿಂತ ದೊಡ್ಡ ಅದೃಷ್ಟ ನನಗೆ ಬೇಕಾಗಿಲ್ಲ.

ಒದ್ದಾಟ ಅಂದದ್ದು ಉತ್ಪ್ರೇಕ್ಷೆಯಲ್ಲ. ನಮ್ಮ ಮನೆಯಲ್ಲಿ ರಾತ್ರಿ ಎಂಟೂವರೆಗೆ ಓದು. ಒಂಬತ್ತಕ್ಕೆ ನನಗೆ ಅಮೆರಿಕದವರ ಜೊತೆ ಕಾಲ್ ಇರತ್ತೆ, ಹಾಗಾಗಿ ಅರ್ಧ ಗಂಟೆ. ಮೊದಮೊದಲು ಇಂಗ್ಲಿಷ್ ಪುಸ್ತಕಗಳೇ. ಈ ಕಡೆಯ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಮಕ್ಕಳ ಕಪಾಟಿನಲ್ಲಿ ಅವೇ ಹತ್ತು ಪುಸ್ತಕ: ಸೇಬಿನಿಂದ ಶುರು ಮಾಡಿ ಸಿಕ್ಕಿದ್ದೆಲ್ಲ ತಿನ್ನೋ ಕಂಬಳಿಹುಳ, ಕಾಡಿನಲ್ಲಿ ಗ್ರಫಲೋ. ಇವುಗಳನ್ನ ಓದೋದು ಕಷ್ಟವೇ ಅಲ್ಲ. ನಾಲಿಗೆ ತಾನಾಗಿ ಹೊರಳುತ್ತೆ. ಆಮೇಲೆ ಗೊತ್ತಾಯ್ತು, 1999ರಲ್ಲಿ ಬಂದ ‘ಗ್ರಫಲೋ’ ಬರೆದ ಜೂಲಿಯಾ ಡೊನಾಲ್ಡ್‌ಸನ್ ಅದಕ್ಕೂ ಮೊದಲು ವರ್ಷಗಟ್ಟಲೆ ಬಿಬಿಸಿಯ ಮಕ್ಕಳ ಕಾರ್ಯಕ್ರಮಗಳಿಗೆ ಹಾಡು ಬರೀತಿದ್ದವರು. ಆಕೆಯ ಮೊದಲ ಪುಸ್ತಕವೂ ಮೊದಲು ಹಾಡೇ ಆಗಿತ್ತು. ಬಾಯಲ್ಲಿ ಹುಟ್ಟಿದ್ದು, ಆಮೇಲೆ ಕಾಗದಕ್ಕೆ ಇಳಿದದ್ದು.

ಕನ್ನಡಕ್ಕೆ ಬಂದಾಗ ಶುರುವಾಯ್ತು ಪಡಿಪಾಟಲು. ಮಾಲ್ ಒಂದರ ಪುಸ್ತಕದಂಗಡಿಯಲ್ಲಿ, ಬಣ್ಣ ಹಚ್ಚುವ ಪುಸ್ತಕಗಳ ಹಿಂದೆ ಅಡಗಿದ್ದ ಒಂದು ಕನ್ನಡದ ಚಿತ್ರಪುಸ್ತಕ ತಂದೆ. ಇಂಗ್ಲಿಷಿನಿಂದ ಅನುವಾದ. ಚಿತ್ರಗಳು ಚೆನ್ನಾಗಿದ್ವು. ಮಾತು ಹೆಚ್ಚುಕಮ್ಮಿ ಈ ಥರ ಇತ್ತು: ‘ನಾಯಿಯು ಚೆಂಡನ್ನು ಕಂಡಿತು. ಅದು ಅತ್ಯಂತ ಸಂತೋಷಗೊಂಡಿತು.’ ಈಗ ಹೇಳಿ, ಮಂಚದ ಮೇಲೆ ಕಾಲು ಚಾಚಿ ಮಲಗಿರೋ ಆರು ವರ್ಷದ ಮಗುವಿನ ಪಕ್ಕ ಕೂತು ಯಾರಾದರೂ ‘ಸಂತೋಷಗೊಂಡಿತು’ ಅನ್ನಬಹುದಾ? ನಾಯಿ ಯಾವತ್ತಾದರೂ ಸಂತೋಷಗೊಂಡದ್ದುಂಟಾ? ಅದು ಬಾಲ ಅಲ್ಲಾಡಿಸಿರತ್ತೆ.

ಆವಾಗ ನಾನು ಮಾಡಿದ್ದೇನು ಅಂದರೆ, ನೀವೂ ಮಾಡಿರ್ತೀರಿ, ಕಣ್ಣಲ್ಲಿ ಒಂದು ಓದಿ ಬಾಯಲ್ಲಿ ಇನ್ನೊಂದು ಹೇಳೋದು. ‘ನಾಯಿ ಚೆಂಡು ನೋಡ್ತು. ಫುಲ್ ಖುಷಿಯಾಗೋಯ್ತು.’ ಮೂರು ತಿಂಗಳು ಹೀಗೇ ನಡೀತು. ನನಗೂ ಒಂಥರಾ ಹೆಮ್ಮೆ, ನಿಂತ ನಿಲುವಿನಲ್ಲಿ ಅನುವಾದ ಮಾಡ್ತಿದ್ದೀನಿ ಅಂತ. ಅಷ್ಟರಲ್ಲಿ ಶಾಲೆಯಲ್ಲಿ ದ್ವಿತೀಯ ಭಾಷೆ ಕನ್ನಡ ಶುರುವಾಗಿ ಅವಳಿಗೆ ಅಕ್ಷರ ಬಂತು. ಒಂದು ರಾತ್ರಿ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: ‘ಅಪ್ಪಾ, ಇಲ್ಲಿ ‘ಯು’ ಇದೆ. ನೀನು ಅದನ್ನ ಓದ್ಲೇ ಇಲ್ಲ.’

‘ಅದು ಪುಸ್ತಕದ ಕನ್ನಡ ಪುಟ್ಟಿ. ನಾವು ಹಾಗೆ ಮಾತಾಡಲ್ಲ ಅಲ್ವಾ, ಅದಕ್ಕೆ ಬಿಟ್ಟೆ.’

ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ‘ಹಾಗಾದ್ರೆ ಇಂಗ್ಲಿಷೇ ಓದು. ಅದ್ರಲ್ಲಿ ಇರೋದನ್ನೇ ಓದ್ತೀಯ.’

ಆವತ್ತಿನ ಕಾಲ್‌ನಲ್ಲಿ ಯಾರು ಏನು ಹೇಳಿದರೋ ನನ್ನ ತಲೆಗೆ ಹೋಗಲಿಲ್ಲ. ಅವಳು ಹೇಳಿದ್ದು ಅಷ್ಟು ಸರಿಯಾಗಿತ್ತು. ಇಂಗ್ಲಿಷ್ ಪುಸ್ತಕ ಅಂದರೆ ಅಪ್ಪ ಇದ್ದದ್ದನ್ನ ಇದ್ದ ಹಾಗೆ ಓದೋ ಪುಸ್ತಕ. ಕನ್ನಡ ಪುಸ್ತಕ ಅಂದರೆ ಅಪ್ಪ ನಾಚಿಕೊಂಡು ತಿದ್ದಿ ಹೇಳೋ ಪುಸ್ತಕ. ನಾನು ಭಾಷೆ ಸುಲಭ ಮಾಡ್ತಿದ್ದೀನಿ ಅಂದುಕೊಂಡಿದ್ದೆ. ಅವಳಿಗೆ ಕಲಿಸಿದ್ದು ಬೇರೆಯೇ.

ಹಾಗಂತ ತಪ್ಪು ಗ್ರಾಂಥಿಕ ಕನ್ನಡದ್ದೇ ಅಂತ ಕೈ ತೊಳ್ಕೊಳ್ಳೋಕೆ ಆಗಲ್ಲ. ‘ಮಕ್ಕಳ ಪುಸ್ತಕ ಆಡುಮಾತಿನಲ್ಲಿರಲಿ’ ಅನ್ನೋ ವಾದ ನಮ್ಮ ಗೆಳೆಯರಲ್ಲಿ ಬಹಳ ಇದೆ. ನನಗೆ ಅರ್ಧ ಒಪ್ಪಿಗೆ. ಯಾರ ಆಡುಮಾತು ಅನ್ನೋ ಪ್ರಶ್ನೆ ಪಕ್ಕಕ್ಕಿಡಿ (ನಮ್ಮ ಮಹಡಿಯಲ್ಲೇ ತಿಪಟೂರು, ಕುಂದಾಪುರ, ಬೆಳಗಾವಿ ಮೂರೂ ಇವೆ). ಆಡುಮಾತಿನಲ್ಲೇ ಬರೆದ ಪುಸ್ತಕಗಳಲ್ಲೂ ಬಾಯಿಗೆ ಬಾರದವು ಇವೆ. ‘ನೋಡಿತು’ ಬದಲು ‘ನೋಡ್ತು’ ಅಂತ ಅಚ್ಚು ಹಾಕಿಬಿಟ್ಟರೆ ವಾಕ್ಯಕ್ಕೆ ಲಯ ಬಂದುಬಿಡಲ್ಲ. ಕಷ್ಟ ಇರೋದು ಪ್ರತ್ಯಯದಲ್ಲಲ್ಲ, ಕಿವಿಯಲ್ಲಿ. ಬರೆದವರು ಒಂದು ಸಲ ಜೋರಾಗಿ ಓದಿ ನೋಡಿದ್ದರಾ ಇಲ್ಲವಾ ಅನ್ನೋದು ಎರಡನೇ ಪುಟಕ್ಕೇ ತಿಳಿದುಹೋಗತ್ತೆ.

ಈಗ ಉಚಿತವಾಗಿ ಸಿಗೋ ಪುಸ್ತಕಗಳೇನೂ ಕಡಿಮೆಯಿಲ್ಲ. 2004ರಲ್ಲಿ ಶುರುವಾದ, ನಮ್ಮ ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್, 2015ರಲ್ಲಿ ಸ್ಟೋರಿವೀವರ್ ತೆರೆದ ಮೇಲೆ ಫೋನಿನಲ್ಲೇ ಕನ್ನಡದ ರಾಶಿ ಕಥೆಗಳು ಸಿಗುತ್ತವೆ. ಓದುವ ಶಕ್ತಿಗೆ ತಕ್ಕ ಹಾಗೆ ನಾಲ್ಕು ಹಂತ ಮಾಡಿದ್ದಾರೆ. ಯಾರು ಬೇಕಾದರೂ ಅನುವಾದ ಮಾಡಬಹುದು. ದೊಡ್ಡ ಕೆಲಸ, ಅನುಮಾನವೇ ಬೇಡ. ಆದರೆ ಯಾರು ಬೇಕಾದರೂ ಮಾಡಬಹುದು ಅಂದಾಗ ಒಂದು ಅನುವಾದ ಬೆಲ್ಲದ ಹಾಗೆ ಕರಗತ್ತೆ, ಪಕ್ಕದ್ದು ಸರ್ಕಾರಿ ಸುತ್ತೋಲೆಯ ಹಾಗೆ ಬಾಯಲ್ಲಿ ನಿಲ್ಲತ್ತೆ. ಹಂತ ಅಳೆಯೋದು ಪದಗಳ ಸಂಖ್ಯೆ, ವಾಕ್ಯದ ಉದ್ದ ಇಂಥದರಿಂದ. ಜೋರಾಗಿ ಓದಿದಾಗ ಹೇಗಿರತ್ತೆ ಅನ್ನೋದಕ್ಕೆ ಯಾವ ಅಳತೆಗೋಲೂ ಇಲ್ಲ. ನಮ್ಮಂಥ ಅಪ್ಪ ಅಮ್ಮಂದಿರಿಗೆ ಬೇಕಾಗಿರೋದು ಅದೊಂದೇ.

‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನಮ್ಮ ಮನೆಗೆ ಬಂದದ್ದು ನನ್ನ ಅಮ್ಮನ ಚೀಲದಲ್ಲಿ. ಸಂಕ್ರಾಂತಿಗೆ ಊರಿಂದ ಎಳ್ಳುಬೆಲ್ಲದ ಜೊತೆ ತಂದಿದ್ದರು. ತೆಳ್ಳಗಿನ ಪುಸ್ತಕ, ಅಚ್ಚೂ ಅಂಥದ್ದೇನಲ್ಲ. ನಾನು ಮನಸ್ಸಿನಲ್ಲೇ ಅಂದುಕೊಂಡೆ, ‘ಯು’ ಬಿಟ್ಟಿದ್ದಕ್ಕೇ ಸಿಕ್ಕಿಹಾಕಿಕೊಂಡವನು ನಾನು, ತೊಂಬತ್ತು ನೂರು ವರ್ಷ ಹಿಂದಿನ ಈ ಪದ್ಯ ಹೇಗಪ್ಪ ಓದೋದು ಅಂತ. ಅಜ್ಜಿ ಓದೋಕೆ ಕೂತರು. ಓದೋದೇನು, ಅರ್ಧ ಬಾಯಿಪಾಠ. ತೊಡೆಯ ಮೇಲೆ ಕೈ ತಟ್ಟಿಕೊಂಡು ಹೇಳ್ತಾ ಹೋದರು. ಹುಡುಗಿ ಒಂದೇ ಒಂದು ಪದದ ಅರ್ಥ ಕೇಳಲಿಲ್ಲ. ಮುಗಿದ ಮೇಲೆ, ಮತ್ತೆ ಹೇಳು ಅಂದಳು. ಮತ್ತೆ. ಮತ್ತೆ.

ಇದು ಹೇಗೆ ಸಾಧ್ಯವಾಯ್ತು ಅಂತ ಆಮೇಲೆ ಕೂತು ನೋಡಿದೆ. ಮೂಲ ಕುವೆಂಪು ಅವರದ್ದಲ್ಲ ಅನ್ನೋದು ಎಲ್ಲರಿಗೂ ಗೊತ್ತು. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ‘ಪೈಡ್ ಪೈಪರ್ ಆಫ್ ಹ್ಯಾಮೆಲಿನ್’. ಅದನ್ನ ಬ್ರೌನಿಂಗ್ ಬರೆದದ್ದು ಖಾಯಿಲೆಯಾಗಿ ಮಲಗಿದ್ದ, ಗೆಳೆಯನೊಬ್ಬನ ಪುಟ್ಟ ಮಗನಿಗಾಗಿ. ಅಂದರೆ ಹಾಸಿಗೆಯಲ್ಲಿರೋ ಮಗುವಿಗೆ ಅಂತಲೇ ಹುಟ್ಟಿದ ಪದ್ಯ. ಕನ್ನಡಕ್ಕೆ ಬಂದಾಗ ಕುವೆಂಪು ಅದಕ್ಕೆ ನಾಲ್ಕು ಮಾತ್ರೆಯ ನಡಿಗೆ ಕೊಟ್ಟರು. ತಕಧಿಮಿ ತಕಧಿಮಿ. ಈ ನಡಿಗೆ ನಮ್ಮ ಅಜ್ಜಿಯರ ತೊಡೆ ತಟ್ಟುವ ಕೈಗೆ ಮೊದಲೇ ಗೊತ್ತು. ಭಾಷೆ ಗ್ರಾಂಥಿಕವೇ. ಆದರೆ ಆ ‘ಅನ್ನು’, ‘ಇಂದ’ಗಳೆಲ್ಲ ತಾಳದ ಮೇಲೆ ಬಂದು ಕೂರುತ್ತವೆ. ಬಿಟ್ಟರೆ ತಾಳ ತಪ್ಪತ್ತೆ. ಮಗಳ ಬೆರಳು ಹಿಡಿಯಬೇಕಾದ ಕಳ್ಳತನಕ್ಕೆ ಇಲ್ಲಿ ಜಾಗವೇ ಇಲ್ಲ.

ಇಲಿಗಳ ಪಟ್ಟಿ ನೋಡಿ. ಬ್ರೌನಿಂಗ್‌ನಲ್ಲೂ ಪಟ್ಟಿ ಇದೆ. ಅಪ್ಪಂದಿರು, ಅಮ್ಮಂದಿರು, ಸೋದರಮಾವಂದಿರು ಅಂತ ಇಲಿಗಳ ಸಂಸಾರ ಸಾಲಾಗಿ ಬರತ್ತೆ. ಕುವೆಂಪು ಆ ಸಾಲನ್ನ ಭಾಷಾಂತರ ಮಾಡ್ಕೊಂಡು ಕೂರಲಿಲ್ಲ. ನಂಟರ ಒಂದೊಂದು ಹೆಸರಿಗೂ ಬಾಲದ ಹಾಗೆ ‘ಇಲಿ’ ಅಂಟಿಸಿಬಿಟ್ಟರು. ಎರಡು ಪದ ಸೇರಿ ನಡುವಿನ ಸ್ವರ ಬಿದ್ದುಹೋಗಿ ಒಂದು ಹೊಸ ಪ್ರಾಣಿ ಹುಟ್ಟತ್ತೆ. ಪರೀಕ್ಷೆಗೆ ಲೋಪಸಂಧಿ ಅಂತ ಉರು ಹೊಡೆದದ್ದು ಇದನ್ನೇ. ಅದರಲ್ಲಿ ಇಷ್ಟು ಆಟ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮಗಳು ಮಾರನೇ ದಿನದಿಂದ ಶುರು ಹಚ್ಚಿಕೊಂಡಳು. ಮಿಸ್ಸಿಲಿ, ಡ್ರೈವರಿಲಿ, ಡೆಲಿವರಿಲಿ. ನನ್ನ ಮ್ಯಾನೇಜರ್ ಒಂದು ಸಲ ವಿಡಿಯೊ ಕಾಲ್‌ನಲ್ಲಿ ಕಾಣಿಸಿಕೊಂಡರು, ಪಾಪ, ಅವರು ಮ್ಯಾನೇಜರಿಲಿ ಆಗಿಹೋದರು. ಸಂಧಿಯ ಪಾಠ ಅವಳಿಗೆ ಆರನೇ ಕ್ಲಾಸಿಗೋ ಏಳನೇ ಕ್ಲಾಸಿಗೋ ಬರಬಹುದು. ಮಾಡೋದನ್ನ ಏಳನೇ ವಯಸ್ಸಿಗೇ ಮಾಡ್ತಿದ್ದಾಳೆ.

ಇನ್ನೊಂದು ಬದಲಾವಣೆ ನನಗೆ ಇದಕ್ಕಿಂತಲೂ ಮುಖ್ಯ ಅನ್ನಿಸತ್ತೆ. ಹ್ಯಾಮೆಲಿನ್ನಿಗೆ ಬಂದವನ ಕೈಯಲ್ಲಿದ್ದದ್ದು ಊದುವ ಕೊಳವೆ. ಬೊಮ್ಮನಹಳ್ಳಿಗೆ ಬಂದವನ ಕೈಯಲ್ಲಿರೋದು ಕಿಂದರಿ, ಅಂದರೆ ಕಿನ್ನರಿ, ತಂತಿಯ ವಾದ್ಯ. ಮೊದಲ ದಿನ ‘ಕಿಂದರಿ ಅಂದ್ರೆ ಕೊಳಲು’ ಅಂತ ಹೇಳಿ ಮುಗಿಸೋಣ ಅನ್ನೋ ಆಸೆ ನನಗಿತ್ತು. ಅಜ್ಜಿ ಬಿಡಲಿಲ್ಲ. ಅವರ ಚಿಕ್ಕಂದಿನಲ್ಲಿ ಸೋರೆಬುರುಡೆಯ ವಾದ್ಯ ನುಡಿಸಿಕೊಂಡು ಮನೆಮನೆಗೆ ಬರುತ್ತಿದ್ದ ಜೋಗಿಗಳ ವಿಷಯ ಹೇಳಿದರು. ಹಟ ಮಾಡಿದರೆ ಜೋಗಿಗೆ ಹಿಡಿದುಕೊಡ್ತೀನಿ ಅಂತ ಅವರಮ್ಮ ಹೆದರಿಸುತ್ತಿದ್ದರಂತೆ. ನನ್ನನ್ನೂ ಹಾಗೇ ಹೆದರಿಸಿದ್ದರು, ನೆನಪಿದೆ. ಈ ಹೆದರಿಕೆಯನ್ನೇ ಕುವೆಂಪು ಪದ್ಯದೊಳಕ್ಕೆ ತಂದುಬಿಟ್ಟಿದ್ದಾರೆ. ಬ್ರೌನಿಂಗ್‌ನ ಪೈಪರ್ ಒಬ್ಬ ವಿಚಿತ್ರ ವೇಷದ ಅಪರಿಚಿತ. ನಮ್ಮ ಜೋಗಿ ಹಾಗಲ್ಲ, ಬಾಗಿಲಿಗೆ ಬರೋನು, ಕಾಳು ಹಾಕಿಸಿಕೊಂಡು ಹೋಗೋನು, ಬರಿಗೈಲಿ ಕಳಿಸಬಾರದು ಅಂತ ಎಲ್ಲರಿಗೂ ಗೊತ್ತಿರೋನು. ಅಂಥವನಿಗೆ ಊರ ಗೌಡ ಮಾತು ಕೊಟ್ಟು ತಪ್ಪುತ್ತಾನೆ. ಮಕ್ಕಳನ್ನ ಜೋಗಿ ಹಿಡ್ಕೊಂಡು ಹೋಗ್ತಾನೆ ಅನ್ನೋ ಮಾತು ಅಲ್ಲಿ ನಿಜವೇ ಆಗಿಬಿಡತ್ತೆ.

ನಮ್ಮ ಗೇಟಿನಲ್ಲಿ ಜೋಗಿ ಬಂದರೆ ಆಪ್‌ನಲ್ಲಿ ಅಪ್ರೂವಲ್ ಕೇಳ್ತಾರೆ. ಯಾರು ಒಪ್ಪಿಗೆ ಕೊಡ್ತಾರೆ ಹೇಳಿ. ಮಗಳು ಜೋಗಿಯನ್ನ ನೋಡೇ ಇಲ್ಲ. ಆದರೂ ಹೆದರಿದಳು, ಸರಿಯಾದ ಜಾಗದಲ್ಲೇ ಹೆದರಿದಳು. ಮಕ್ಕಳೆಲ್ಲ ಬೆಟ್ಟದೊಳಗೆ ಹೋಗಿ ಮರೆಯಾಗುವ ಭಾಗ. ಅಜ್ಜಿ ಊರಿಗೆ ಹೋದ ಮೇಲೆ ಓದು ನನ್ನ ಪಾಲಿಗೆ ಬಂತಲ್ಲ, ಒಂದು ದಿನ ಅವಳಿಗೆ ಜ್ವರ ಇತ್ತು ಅಂತ ಆ ಭಾಗ ಹಾರಿಸಿ, ಮಕ್ಕಳು ಸಂಜೆಗೆ ವಾಪಸ್ ಬಂದರು ಅಂತ ಸೇರಿಸಿದೆ. ಕಣ್ಣು ಮುಚ್ಚಿಕೊಂಡೇ, ‘ಅದು ಅದ್ರಲ್ಲಿಲ್ಲ’ ಅಂದಳು. ಹೇಗೆ ಗೊತ್ತಾಯ್ತು ಅಂದೆ. ‘ನೀನು ಮಾತಾಡಿದೆ’ ಅಂದಳು. ತಾಳ ನಿಂತುಹೋಗಿತ್ತು. ಈಚಿನ ಮಕ್ಕಳ ಪುಸ್ತಕಗಳಲ್ಲಿ ಯಾರೂ ಕಳೆದುಹೋಗಲ್ಲ, ಯಾರೂ ಮೋಸ ಮಾಡಲ್ಲ, ಕೊನೆಯಲ್ಲಿ ಎಲ್ಲರೂ ಹಲ್ಲುಜ್ಜಿ ಮಲಗುತ್ತಾರೆ. ಆ ಪುಸ್ತಕಗಳನ್ನ ಬೇಕಾದ ಹಾಗೆ ತಿದ್ದಿ ಹೇಳಬಹುದು. ಇದನ್ನ ಆಗಲ್ಲ.

ಪದ್ಯದಲ್ಲಿ ಕುಂದೇ ಇಲ್ಲ ಅಂತಲ್ಲ. ನಡುವೆ ಒಂದೆರಡು ಕಡೆ ಎಳೆದ ಹಾಗನ್ನಿಸತ್ತೆ. ನಾನು ಓದುವಾಗ ಅಲ್ಲಿ ಆಕಳಿಕೆ ಬರುತ್ತೆ, ಅವಳಿಗೂ. ಇವತ್ತಿನ ಕಿವಿಗೆ ದೂರವಾದ ಪದಗಳೂ ಇವೆ. ಮತ್ತೆ ಎಲ್ಲರೂ ಇದೊಂದನ್ನೇ ಓದಿಕೊಂಡಿರಿ ಅಂದರೆ ಅದು ಸೋಮಾರಿತನ. ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ ಇದೆ. ಕುಡುಕ ರತ್ನನ ಬಾಯಿಮಾತನ್ನ ಅಚ್ಚಿಗೆ ತಂದವರೇ ಪುಟ್ಟ ಮಕ್ಕಳಿಗೂ ಬರೆದರು ಅನ್ನೋದು ನನಗೆ ಕಾಕತಾಳೀಯ ಅಂತ ಅನ್ನಿಸೋದೇ ಇಲ್ಲ. ಎರಡೂ ಕಡೆ ಅದೇ ಕಿವಿ ಕೆಲಸ ಮಾಡಿದೆ. ಮಂಗಳೂರು ಕಡೆಯ ಪಂಜೆ ಮಂಗೇಶರಾಯರಿದ್ದಾರೆ, ಶಾಲಾ ಇನ್‌ಸ್ಪೆಕ್ಟರ್ ಆಗಿ ಮಕ್ಕಳ ಮುಂದೆ ನಿಂತು ಗೊತ್ತಿದ್ದವರು. ಇವರ್ಯಾರೂ ‘ವಯೋಗುಂಪು 6ರಿಂದ 8’ ಅಂತ ನೋಡಿಕೊಂಡು ಬರೆದವರಲ್ಲ. ಈಗ ಬರೀತಿರೋರಲ್ಲೂ ಇಂಥ ಕಿವಿ ಇರೋರು ಖಂಡಿತ ಇದ್ದಾರೆ. ಆದರೆ ಅವರನ್ನ ಹುಡುಕೋಕೆ ನಾನು ಸಿಲ್ಕ್ ಬೋರ್ಡ್ ದಾಟಿ ಗಾಂಧಿ ಬಜಾರಿನ ತನಕ ಹೋಗಬೇಕು. ಅರ್ಧ ದಿನದ ಕೆಲಸ. ಈ ಕಡೆ ಇಷ್ಟು ಸಾವಿರ ಕನ್ನಡದ ಮನೆಗಳಿದ್ದೂ ಹೀಗಿದೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು, ‘ಏಳು ವರ್ಷ ಆಯ್ತಲ್ಲ, ಇನ್ನೂ ಯಾಕೆ ನೀವೇ ಓದಿ ಹೇಳ್ತೀರ? ನನ್ನ ಮಗ ಇಂಗ್ಲಿಷ್ ತಾನೇ ಓದ್ಕೋತಾನೆ’ ಅಂತ. ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತದ 15 ರೂಪ. 510 ಆಯ್ತು. ಒತ್ತಕ್ಷರಗಳ ಲೆಕ್ಕ ಇನ್ನೂ ಶುರುವೇ ಆಗಿಲ್ಲ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಅಕ್ಷರ ಪೂರ್ತಿ ಕೈವಶವಾಗೋದು ಇಂಗ್ಲಿಷ್ ಅಕ್ಷರಗಳಿಗಿಂತ ನಿಧಾನ, ನಾಲ್ಕನೇ ತರಗತಿಯವರೆಗೂ ಅದು ನಡೀತಾನೇ ಇರತ್ತೆ ಅನ್ನೋದು ಅದರಲ್ಲಿ ಕಾಣತ್ತೆ. ಕಲಿಯೋ ಮಕ್ಕಳ ಕುಂದಲ್ಲ ಇದು, ಲಿಪಿಯ ಸ್ವಭಾವ. ನಮ್ಮ ಮನೆಗಳಲ್ಲಿ ಆಗೋದು ಏನಂದರೆ, ಆರಕ್ಕೋ ಏಳಕ್ಕೋ ಮಗು ಇಂಗ್ಲಿಷ್ ಪುಸ್ತಕ ತಾನೇ ಓದೋಕೆ ಶುರು ಮಾಡತ್ತೆ. ಓದೋಕೆ ಬಂತು ಅಂತ ಅಪ್ಪ ಅಮ್ಮ ಜೋರಾಗಿ ಓದೋದನ್ನ ನಿಲ್ಲಿಸ್ತಾರೆ, ಎರಡೂ ಭಾಷೆಯಲ್ಲಿ. ಕನ್ನಡದ ಕಣ್ಣು ಇನ್ನೂ ತೆರೆದಿರಲ್ಲ, ಕಿವಿ ಮುಚ್ಚಿಹೋಗಿರತ್ತೆ. ಕನ್ನಡದಲ್ಲಿ ಇನ್ನೂ ಮೂರು ವರ್ಷ ಓದಿ ಹೇಳಬೇಕಾಗತ್ತೆ. ನನ್ನ ಅಂದಾಜು ಇಷ್ಟೆ.

ಹಾಗಾದರೆ ಗೊತ್ತಿಲ್ಲದ ಪದ ಬಂದಾಗ? ಬಿಡಬಾರದು, ಬದಲಿಸಬಾರದು, ಆದರೆ ಹೇಳಬೇಕು. ಇದಕ್ಕೆ ನಮ್ಮಲ್ಲೇ ಒಂದು ಪದ್ಧತಿ ಇದೆಯಲ್ಲ. ಗಮಕ. ಕುಮಾರವ್ಯಾಸನ ಭಾರತವನ್ನ ಒಬ್ಬರು ರಾಗವಾಗಿ ವಾಚನ ಮಾಡುತ್ತಾರೆ. ಇದ್ದ ಅಕ್ಷರ ಇದ್ದ ಹಾಗೆ, ಒಂದೂ ಬಿಡದೆ. ಪಕ್ಕದಲ್ಲಿ ಕೂತವರು ಅರ್ಥ ಬಿಡಿಸಿ ವ್ಯಾಖ್ಯಾನ ಮಾಡುತ್ತಾರೆ. ಅದು ನಮ್ಮ ನಿಮ್ಮ ಮಾತು, ಅದರಲ್ಲಿ ತಮಾಷೆ, ಊರಿನ ಸುದ್ದಿ ಎಲ್ಲ ಬರಬಹುದು. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಆಫೀಸಿನಲ್ಲಿ ಗಮಕ ಅಂದರೆ ಏನು ಅಂತ ಕೇಳಿದವರೇ ಹೆಚ್ಚು. ನನಗೂ ಆಗ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಪುಸ್ತಕದ ಕನ್ನಡ ಬೇರೆ, ಬಾಯಿಯ ಕನ್ನಡ ಬೇರೆ ಅನ್ನೋ ತಾಪತ್ರಯ ಇವತ್ತಿನದಲ್ಲ. ಹಿಂದಿನವರು ಒಂದನ್ನ ಇನ್ನೊಂದರ ಹೆಸರಿನಲ್ಲಿ ಕದ್ದು ದಾಟಿಸಲಿಲ್ಲ. ಎರಡಕ್ಕೂ ಎರಡು ದನಿ ಕೊಟ್ಟರು. ಈಗ ನಾನು ಮನೆಯಲ್ಲಿ ಅದನ್ನೇ ಮಾಡೋದು. ಸಾಲು ಓದುವಾಗ ಪುಸ್ತಕ ಎತ್ತಿ ಹಿಡೀತೀನಿ, ನನ್ನ ಮಾತು ಹೇಳುವಾಗ ಕೆಳಗಿಡ್ತೀನಿ. ರಾಗಗೀಗ ನನಗೆ ಬರಲ್ಲ. ಹುಡುಗಿಗೆ ಯಾವುದು ಯಾವುದು ಅಂತ ಗೊತ್ತಾದರೆ ಸಾಕು.

ಇಷ್ಟೆಲ್ಲ ಬರೆಯುವಾಗ ಒಂದು ಮಾತು ಮರೆತೇಬಿಡ್ತೀವಿ. ಮನೆಯಲ್ಲಿ ಓದಿ ಹೇಳೋಕೆ ಓದು ಬಲ್ಲವರು ಮನೆಯಲ್ಲಿರಬೇಕು. ಪೀಣ್ಯದ ಶೆಡ್ಡುಗಳ ಹಿಂದಿನ ಒಂದೊಂದು ಕೋಣೆಯ ಮನೆಗಳಲ್ಲಾಗಲಿ, ನಮ್ಮ ಕಾಂಪೌಂಡಿನಾಚೆಯ ತಗಡಿನ ಸಾಲಿನಲ್ಲಾಗಲಿ, ಎಷ್ಟೋ ಕಡೆ ಓದು ಬರೋದು ಮಗುವಿಗೊಂದಕ್ಕೇ. ನಮ್ಮ ಮನೆ ಕೆಲಸಕ್ಕೆ ಬರೋ ಅಕ್ಕ ಯಾದಗಿರಿ ಕಡೆಯವರು. ಅವರ ಮಗ ನಾಲ್ಕನೇ ತರಗತಿ, ಸರ್ಕಾರಿ ಶಾಲೆ. ದಸರಾ ರಜದಲ್ಲಿ ಅಮ್ಮನ ಜೊತೆ ಬಂದು ಹಾಲ್‌ನಲ್ಲಿ ಕೂತಿರ್ತಿದ್ದ. ಫೋನು, ಬ್ಯಾಂಕಿನ ಕಾಗದ, ಔಷಧಿ ಚೀಟಿ, ಎಲ್ಲ ಅವನೇ ಮನೆಯಲ್ಲಿ ಓದಿ ಹೇಳೋದಂತೆ.

ಒಂದು ದಿನ ಮಗಳು ಕಿಂದರಿಜೋಗಿ ತಂದು ಅವನ ಮುಂದೆ ಹಿಡಿದಳು. ಅವನು ನನ್ನ ಮುಖ ನೋಡಿದ. ಓದಪ್ಪ ಅಂದೆ. ನಾನು ಲ್ಯಾಪ್‌ಟಾಪ್ ಮುಂದಿದ್ದೆ, ಕಿವಿ ಅಲ್ಲಿತ್ತು. ನನಗಿಂತ ಚೆನ್ನಾಗಿ ಓದಿದ. ಒತ್ತಕ್ಷರ ಎಲ್ಲೂ ತಡೀಲಿಲ್ಲ, ಅಕ್ಷರಕ್ಕೆ ಅಕ್ಷರ, ತಾಳಕ್ಕೆ ತಾಳ. ಸಾಲು ಮುಗಿಸಿ ತಲೆ ಎತ್ತಿ ತನ್ನ ಮಾತಿನಲ್ಲಿ ಹೇಳೋನು, ‘ನೋಡು, ಇಲಿ ಬಾಳ ಆಗ್ಯಾವ, ಮಂದಿ ಗೌಡನ ಕಡಿ ಹೋಗ್ಯಾರ’ ಅಂತ. ಮತ್ತೆ ತಲೆ ಬಗ್ಗಿಸಿ ಮುಂದಿನ ಸಾಲು. ಗಮಕದ ಹೆಸರನ್ನ ಅವನು ಕೇಳಿದ್ದನೋ ಇಲ್ಲವೋ. ಮಗಳು ಬಾಯಿ ಬಿಟ್ಟುಕೊಂಡು ಕೂತಿದ್ದಳು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತ್ತು.

ಗೌಡ ದುಡ್ಡು ಕೊಡದೆ ಜೋಗಿಯನ್ನ ಕಳಿಸೋ ಜಾಗ ಬಂತು. ಹುಡುಗ ಬೆರಳು ಅಲ್ಲೇ ಇಟ್ಟುಕೊಂಡು ಹೇಳಿದ, ‘ನಮ್ಮಪ್ಪಗೂ ಒಬ್ಬ ಮೇಸ್ತ್ರಿ ಹಿಂಗ ಮಾಡ್ಯಾನ. ಕೆಲ್ಸ ಮುಗುದ ಮ್ಯಾಲ ರೊಕ್ಕ ಕೊಡ್ಲಿಲ್ಲ.’

‘ಆಮೇಲೆ ನಿಮ್ಮಪ್ಪ ಏನ್ ಮಾಡಿದ್ರು?’ ಮಗಳು ಕೇಳಿದಳು.

‘ಏನ್ ಮಾಡ್ತಾನ, ಬ್ಯಾರೆ ಕಡಿ ಕೆಲ್ಸಕ್ಕ ಹೋದ’ ಅಂದು, ಪುಟ ತಿರುಗಿಸಿ, ಮುಂದಕ್ಕೆ ಓದತೊಡಗಿದ.